ಟೈಗರ್ ಟ್ಯಾಂಕಿಗೆ ಝಿಮ್ಮರಿಟ್ ಬೇಕೇ, ಬೇಡವೇ?

ಓದುಗರ ಪ್ರಶ್ನೆ: 1/16 ಅಳತೆಯ ಟೈಗರ್-1 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯ ಕಿಟ್ ತರಿಸಿದ್ದೇನೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಟ್ಯಾಂಕಿನ ಮೈತುಂಬ ಗೆರೆಗೆರೆಯ ಗಾರೆ ಇದೆ, ಒಳಗಿನ ಭಾಗಗಳು ಮಾತ್ರ ನುಣುಪಾಗಿವೆ. ಅದನ್ನು ನಾವೇ ಹಚ್ಚಬೇಕೆ? ಮಂಗಳೂರಿನ ಮಳೆಗಾಲದಲ್ಲಿ ಇದು ಆಗುವ ಕೆಲಸವೇ?

ಚಿತ್ರದ ಆ ಗಾರೆಯೇ ಝಿಮ್ಮರಿಟ್: ಎರಡನೆಯ ಮಹಾಯುದ್ಧದಲ್ಲಿ ಅಯಸ್ಕಾಂತದ ಸ್ಫೋಟಕ ಮೈಗೆ ಅಂಟದಿರಲೆಂದು ಜರ್ಮನರು ತಮ್ಮ ಟ್ಯಾಂಕುಗಳಿಗೆ ಬಳಿಯುತ್ತಿದ್ದ ಲೇಪ. ಪುಟ್ಟಿ ಕಲಸುವ ಮೊದಲು ಗಾಲಿ ನೋಡಿ. ಅಂಚಿಗೆ ರಬ್ಬರ್ ಇಲ್ಲದ, ಬರೀ ಉಕ್ಕಿನ ಗಾಲಿಗಳಾದರೆ ಹಚ್ಚಲೇಬೇಕು. ತಾರೀಕುಗಳೇ ಅದನ್ನು ಹೇಳುತ್ತವೆ. ಕಾಸೆಲ್ ಊರಿನ ಹೆನ್ಶೆಲ್ ಕಾರ್ಖಾನೆ ಟೈಗರಿಗೆ ಝಿಮ್ಮರಿಟ್ ಬಳಿಯತೊಡಗಿದ್ದು 1943ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಉಕ್ಕಿನ ಗಾಲಿ ಬಂದದ್ದು 1944ರ ಫೆಬ್ರವರಿಯಲ್ಲಿ. ಟೈಗರ್-1ರ ತಯಾರಿಕೆ 1944ರ ಆಗಸ್ಟಿಗೆ ನಿಂತಿತು. ಝಿಮ್ಮರಿಟ್ ಸಾಕು ಎಂಬ ಆದೇಶ ಹೊರಟದ್ದು ಸೆಪ್ಟೆಂಬರ್ 9ಕ್ಕೆ. ಹಾಗಾಗಿ ಉಕ್ಕಿನ ಗಾಲಿಯ ಟೈಗರ್-1 ನುಣುಪು ಮೈಯಲ್ಲಿ ಕಾರ್ಖಾನೆಯಿಂದ ಹೊರಟದ್ದಿಲ್ಲ. ಕಪಾಟಿನಲ್ಲಿ ಅಂಥ ಮಾದರಿಗಳು ಬೇಕಾದಷ್ಟಿವೆ, ಅದು ಬೇರೆ ಮಾತು.

ರಬ್ಬರ್ ಅಂಚಿನ ಗಾಲಿಯಾದರೆ ಕಮಾಂಡರ್ ತಲೆ ಹೊರಹಾಕುವ ಗುಮ್ಮಟ ನೋಡಬೇಕು. ಡ್ರಮ್ಮಿನಂತೆ ನೆಟ್ಟಗೆ ನಿಂತು ಸುತ್ತ ಸೀಳುಗಳಿದ್ದರೆ ಅದು 1943ರ ಜುಲೈಗಿಂತ ಹಿಂದಿನದು, ಝಿಮ್ಮರಿಟ್ ಬೇಡ. ಬ್ರಿಟನ್ನಿನ ಬೋವಿಂಗ್ಟನ್ ಸಂಗ್ರಹಾಲಯದ ‘ಟೈಗರ್ 131’ ಈ ಜಾತಿಯದು. 1943ರ ಏಪ್ರಿಲಿನಲ್ಲಿ ಟುನೀಶಿಯಾದಲ್ಲಿ ಸೆರೆಸಿಕ್ಕಿದ್ದು. ಗುಮ್ಮಟ ಕುಳ್ಳಗಿದ್ದು ಸುತ್ತ ಪೆರಿಸ್ಕೋಪುಗಳಿದ್ದರೆ ಹೆಚ್ಚಿನಂಶ ಹಚ್ಚಬೇಕಾದದ್ದೇ. ಜುಲೈ, ಆಗಸ್ಟಿನ ಕೆಲವು ವಾಹನಗಳು ಮಾತ್ರ ಹೊಸ ಗುಮ್ಮಟವಿದ್ದೂ ನುಣುಪಾಗಿವೆ. ರಿಪೇರಿಗೆ ಮರಳಿ ಹೊಸದು ಹಳೆಯದು ಬೆರೆತವೂ ಇವೆ, ಆದರೆ ಅಂಥದ್ದನ್ನು ಮಾಡುವುದಾದರೆ ಆ ಒಂದು ವಾಹನದ ಫೋಟೋ ಕೈಯಲ್ಲಿರಲಿ.

ವಸ್ತು ಇಷ್ಟೇ: ಬೇರಿಯಂ ಸಲ್ಫೇಟ್, ಪಾಲಿವಿನೈಲ್ ಅಸಿಟೇಟ್ ಅಂಟು, ಕಾವಿ ಹಳದಿ ಬಣ್ಣ, ಸತುವಿನ ಸಲ್ಫೈಡ್, ಮರದ ಹೊಟ್ಟು. ಉಕ್ಕಿಗೂ ಅಯಸ್ಕಾಂತದ ಸ್ಫೋಟಕಕ್ಕೂ ನಡುವೆ ಅಂತರ ಇಡುವುದೇ ಉದ್ದೇಶ. ಹಚ್ಚುವ ರೀತಿ ನಮ್ಮ ಗಾರೆಯವರದೇ: ಮೊದಲ ಪದರ ಬಳಿದು ಕರಣೆಯ ಅಂಚಿನಿಂದ ಗೀರುವುದು, ಆ ಗೀರಿಗೆ ಎರಡನೆಯ ಪದರ ಕಚ್ಚಿಕೊಳ್ಳುವುದು, ಮೇಲೆ ಸಾಲು ಎಳೆಯುವುದು. ಹೆನ್ಶೆಲ್‌ನಲ್ಲಿ ಆ ಸಾಲುಗಳು ಅಡ್ಡಡ್ಡ. ಕೈಯಳತೆಯ ಕಿರು ಅಂಕಣಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಪಕ್ಕದ ಅಂಕಣದ ಗೀರು ತುಸು ಮೇಲೆ ಕೆಳಗೆ ಆಗಿರುತ್ತದೆ. ಇಡೀ ಪಕ್ಕೆಗೆ ಸ್ಕೇಲಿಟ್ಟು ಎಳೆದಂತೆ ಉದ್ದ ಗೆರೆ ಹಾಕಿದರೆ ಕೆಟ್ಟಿತು. ಗೋಪುರದ ಮತ್ತು ಒಡಲಿನ ಛಾವಣಿ, ಫಿರಂಗಿಯ ಕೊಳವೆ, ಗಾಲಿ, ಮಡ್‌ಗಾರ್ಡುಗಳನ್ನು ಬಿಟ್ಟುಬಿಡಿ.

ದಪ್ಪದಲ್ಲಿ ಎಲ್ಲರೂ ಎಡವುತ್ತಾರೆ. ನಿಜದ 5 ಮಿ.ಮೀ. ಪದರ 1/16ರಲ್ಲಿ 0.3 ಮಿ.ಮೀ. ಅರ್ಧ ಮಿ.ಮೀ. ದಾಟಿದರೆ ಟ್ಯಾಂಕು ಸ್ವೆಟರ್ ತೊಟ್ಟಂತೆ ಕಾಣುತ್ತದೆ. ಎರಡು ಭಾಗ ಬೆರೆಸುವ ನಯವಾದ ಎಪಾಕ್ಸಿ ಪುಟ್ಟಿ 100 ಗ್ರಾಂ ಇದ್ದರೆ ಧಾರಾಳ. ನಲ್ಲಿ ಸೋರಿಕೆಗೆ ಮೆತ್ತುವ ಹಾರ್ಡ್‌ವೇರ್ ಅಂಗಡಿಯ ಪುಟ್ಟಿ ಬೇಡ. ಇಷ್ಟು ತೆಳ್ಳಗೆ ಎಳೆಯುವಷ್ಟರಲ್ಲಿ ಬಿಗಿಯುತ್ತದೆ.

ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, 240 ನಂಬರಿನ ಉಜ್ಜುಕಾಗದದಿಂದ ಒರಟು ಮಾಡಿ. ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಬೆಸೆಯುವುದಿಲ್ಲ, ಹಿಡಿದುಕೊಳ್ಳುತ್ತದೆ ಅಷ್ಟೆ. ನುಣುಪಿನ ಮೇಲೆ ಹಚ್ಚಿದ್ದು ಒಣಗಿದ ಮೇಲೆ ಹಪ್ಪಳದ ಹಾಗೆ ಇಡಿಯಾಗಿ ಏಳುತ್ತದೆ. ಪುಟ್ಟಿಯನ್ನು ಟಾಲ್ಕ್ ಪುಡಿ ಹಾಕಿ ಲಟ್ಟಿಸಿ, ಒಂದು ಸಲಕ್ಕೆ ಒಂದೇ ಫಲಕಕ್ಕೆ ಒತ್ತಿ, ಒದ್ದೆ ಬೆರಳಲ್ಲಿ ಅಂಚಿಗೆ ತಳ್ಳಿ. 5–6 ಮಿ.ಮೀ. ಅಗಲದ ಚಪ್ಪಟೆ ತಗಡನ್ನು ನೀರಿಗೆ ಅದ್ದಿ, ಮೇಲಿಂದ ಕೆಳಕ್ಕೆ ಒಂದೊಂದೇ ಗೀರು ಒತ್ತುತ್ತಾ ಬನ್ನಿ. ತಗಡು ಒಣಗಿದ್ದರೆ ಪುಟ್ಟಿಯನ್ನು ಕಿತ್ತುಕೊಂಡೇ ಬರುತ್ತದೆ.

ಗೀರುಗಳ ಅಂತರ ಅಂದಾಜಿನಲ್ಲಿ ಬೇಡ. ಗೋಪುರದ ಪಕ್ಕೆಗೆ ತೂಗುಹಾಕಿದ ಬಿಡಿ ಟ್ರ್ಯಾಕ್ ಕೊಂಡಿಯೇ ಅಳತೆಗೋಲು: ಟೈಗರ್ ಟ್ರ್ಯಾಕಿನಲ್ಲಿ ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ 130 ಮಿ.ಮೀ. ನಿಜದ ಟ್ಯಾಂಕಿನ ಫೋಟೋದಲ್ಲಿ ಅಷ್ಟು ಎತ್ತರಕ್ಕೆ ಎಷ್ಟು ಗೀರು ಎಂದು ಎಣಿಸಿ, ಮಾದರಿಯಲ್ಲಿ ಅಷ್ಟೇ ಗೀರುಗಳನ್ನು 8 ಮಿ.ಮೀ.ಗೆ ಕೂರಿಸಿ.

ಪುಟ್ಟಿ ಅರೆಗಟ್ಟಿಯಾದಾಗ, ಚಾಕುವಿನ ತುದಿಯಿಂದ ಮೂಲೆಗಳಲ್ಲಿ ಒಂದೆರಡು ಚಕ್ಕೆ ಎಬ್ಬಿಸಿ. ಇದು ಗೀಚಿದ ಬಣ್ಣದಂತಲ್ಲ, ಉದುರಿದ ಗಾರೆಯಂತೆ ಅಂಚು ನೆಟ್ಟಗೆ ಮುರಿದಿರಬೇಕು. ಮುರಿದ ಅಂಚಿಗೆ ಕಾವಿ ಹಳದಿ, ತಳದಲ್ಲಿ ಕೆಂಪು ಪ್ರೈಮರ್.

ಇನ್ನು ಮಳೆಗಾಲ. ಪುಟ್ಟಿ ಕೆಲಸಕ್ಕೆ ಅಡ್ಡಿಯಿಲ್ಲ, ಪಸೆ ಆರದಿರುವುದು ಒಂದು ರೀತಿಯಲ್ಲಿ ಅನುಕೂಲವೇ. ಗಟ್ಟಿಯಾಗಲು ಪೂರ್ತಿ ಒಂದು ದಿನ ಕೊಡಿ. ಮೇಲೆ ಅಂಟಂಟು ಜಿಡ್ಡು ಕಂಡರೆ ಬಿಸಿನೀರಲ್ಲಿ ತೊಳೆದು ಒಣಗಿಸಿಯೇ ಪ್ರೈಮರ್ ಹೊಡೆಯಿರಿ. ಬಣ್ಣದ ಕಥೆ ಬೇರೆ. ಲ್ಯಾಕರ್ ಥಿನ್ನರ್ ಬೇಗ ಆವಿಯಾಗಿ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದು ಬಳಿದಂತೆ ಬಿಳಿಚುತ್ತದೆ. ಜುಲೈ ತಿಂಗಳಿನಲ್ಲಿ ಸುರತ್ಕಲ್ಲಿನಿಂದ ಮಲ್ಪೆಯವರೆಗೆ ಎಲ್ಲಿ ಹೊಡೆದರೂ ಇದೇ ಪಾಡು. ಥಿನ್ನರಿಗೆ ಆವಿಯಾಗುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಸಿ, ಮಳೆ ಬಿಟ್ಟ ಮಧ್ಯಾಹ್ನ ನೋಡಿ ತೆಳ್ಳಗೆ ಹೊಡೆಯಿರಿ. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು, ನಡುನಡುವೆ ಖಾಲಿ ಮಾಡುತ್ತಿರಬೇಕು. ಇಲ್ಲವಾದರೆ ಏರ್‌ಬ್ರಷ್ ನೀರಿನ ಹನಿಗಳನ್ನೇ ಉಗುಳುತ್ತದೆ. ಆಗಲೇ ಬಿಳಿಚಿದ್ದರೆ ಉಜ್ಜಬೇಡಿ, ಗೀರುಗಳ ನೆತ್ತಿ ಸವೆದುಹೋಗುತ್ತದೆ. ಒಣ ದಿನ ಬರೀ ರಿಟಾರ್ಡರ್ ಬೆರೆತ ಥಿನ್ನರನ್ನು ಮಂಜಿನಂತೆ ಹೊಡೆದರೆ ಬಹುಪಾಲು ತಿಳಿಯಾಗುತ್ತದೆ.

ಕೊನೆಯಲ್ಲಿ ಧೂಳು ಹಾಕುವಾಗ ಅಂಗಳದ ಮುರಕಲ್ಲಿನ ಹುಡಿಗೆ ಕೈ ಹಾಕಬೇಡಿ. ಬಣ್ಣ ಬಲು ಚಂದ, ಹಿಡಿಯುವುದೂ ಚೆನ್ನಾಗಿಯೇ. ಆದರೆ ಈ ಟ್ಯಾಂಕು ಓಡಾಡಿದ್ದು ಉಕ್ರೇನಿನ ಕರಿಮಣ್ಣಿನಲ್ಲಿ, ನಾರ್ಮಂಡಿಯ ಹೊಲಗಳಲ್ಲಿ. ಕೆಂಪು ಹುಡಿ ಬಿದ್ದರೆ ಮೂಡುಬಿದಿರೆಯ ಕಲ್ಲುಕೋರೆಯಿಂದ ಎದ್ದು ಬಂದಂತೆ ಕಾಣುತ್ತದೆ.