ಯಾವ ಡಿಸೈನ್ ಟೂಲ್ ಒಳ್ಳೆಯದು? ‘ಮೆಕ್ಕೆಜೋಳ’ ಅಂತ ಬರೆದು ನೋಡಿ

ದಾವಣಗೆರೆಯಲ್ಲಿ ಓದುತ್ತಾ ನಾನು ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ಎಪಿಎಂಸಿ ದರ ತೋರಿಸುವ ಮೊಬೈಲ್ ಆಪ್. ನಮ್ಮ ಸುತ್ತ ಮೆಕ್ಕೆಜೋಳ ಬೆಳೆಯುವವರೇ ಜಾಸ್ತಿ. ಹಾಗಾಗಿ ಸ್ಕ್ರೀನ್ ಪೂರ್ತಿ ಕನ್ನಡದಲ್ಲೇ ಇರಬೇಕಿತ್ತು. ಆಗ ಕಲಿತದ್ದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ಮೊದಲ ದಿನ ಸಾಫ್ಟ್‌ವೇರ್ ತೆರೆಯಬೇಡಿ. ಹಾಳೆಯ ಮೇಲೆ ಫೋನ್ ಇಟ್ಟು ಸುತ್ತ ಗೆರೆ ಎಳೆಯಿರಿ. ಒಳಗೆ ಯಾವ ಬಟನ್ ಎಲ್ಲಿ ಬರಬೇಕೆಂದು ಪೆನ್ಸಿಲ್‌ನಲ್ಲಿ ಗೀಚಿ. ಕಂಪ್ಯೂಟರ್‌ನಲ್ಲಿ ಚೆಂದ ಮಾಡಿದ ಮೇಲೆ ಅಳಿಸಲು ಮನಸ್ಸೇ ಬರುವುದಿಲ್ಲ, ಅಲ್ವಾ?

ಆಮೇಲೆ ಫಿಗ್ಮಾ, ಅಂದರೆ ಆಪ್‌ನ ಸ್ಕ್ರೀನ್‌ಗಳನ್ನು ಬಿಡಿಸುವ ಟೂಲ್. ಬ್ರೌಸರ್‌ನಲ್ಲೇ ನಡೆಯುತ್ತದೆ, ಒಂದೇ ಫೈಲ್‌ನಲ್ಲಿ ಗುಂಪಿನವರೆಲ್ಲ ಒಟ್ಟಿಗೆ ಕೆಲಸ ಮಾಡಬಹುದು. ವಿದ್ಯಾರ್ಥಿಗಳಿಗೆ ಉಚಿತ ಪ್ಲಾನ್ ಇದೆ. ಅದರಲ್ಲಿ ಮೊದಲು ಆಟೋ ಲೇಔಟ್ ಎಂಬ ಸೌಲಭ್ಯ ಕಲಿಯಿರಿ. ‘ಸೇವ್’ ಅಂತಿದ್ದ ಬಟನ್‌ನಲ್ಲಿ ‘ಉಳಿಸಿಕೊಳ್ಳಿ’ ಎಂದು ಬರೆದರೆ ಬಟನ್ ತಾನೇ ಅಗಲವಾಗುತ್ತದೆ. ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ ಇದು ದೊಡ್ಡ ಆಸರೆ.

ಈಗ ಮುಖ್ಯ ವಿಷಯ. ಯಾವ ಟೂಲ್ ಆದರೂ ‘ಮೆಕ್ಕೆಜೋಳ’, ‘ಕ್ವಿಂಟಾಲ್’, ‘ಮಾರುಕಟ್ಟೆ’ ಎಂದು ಎರಡು ಸಾಲಿನಲ್ಲಿ ಟೈಪ್ ಮಾಡಿ ನೋಡಿ. ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದರೆ ಆ ಟೂಲ್ ಬೇಡ. ಸಾಲಿನ ಅಂತರವನ್ನೂ ಗಮನಿಸಿ. ನಾನು 16 ಅಳತೆಯ ಅಕ್ಷರಕ್ಕೆ 19ರ ಅಂತರ ಕೊಟ್ಟಿದ್ದೆ. ಇಂಗ್ಲಿಷ್‌ಗೆ ಸಾಕಾಗಿತ್ತು. ಕನ್ನಡ ಹಾಕಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿತು. 26ಕ್ಕೆ ಏರಿಸಿದ ಮೇಲೆ ಓದಲು ಹಿತವಾಯಿತು. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಬಳಸಿ, ಎರಡೂ ಉಚಿತ. ಡಿಟಿಪಿ ಅಂಗಡಿಯಿಂದ ತಂದ ಹಳೆಯ ‘ನುಡಿ’ ತಂತ್ರಾಂಶದ ಫೈಲ್‌ನ ಪಠ್ಯವನ್ನು ಹಾಗೇ ಅಂಟಿಸಬೇಡಿ. ಅದು ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಅಕ್ಷರ ಒಂದೇ ರೀತಿ ಗುರುತಿಸುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ನೆಟ್ ಆಗಾಗ ಹೋಗುವ ಊರಿನಲ್ಲಿದ್ದರೆ ಲೂನಸಿ ಎಂಬ ಡಿಸೈನ್ ಟೂಲ್ ನೋಡಿ. ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಐಕಾನ್ ಬಿಡಿಸಲು ಇಂಕ್‌ಸ್ಕೇಪ್ ಸಾಕು. ‘ಸ್ಕೆಚ್’ ಎಂಬ ಟೂಲ್‌ನಲ್ಲಿ ಡಿಸೈನ್ ಮಾಡಲು ಆಪಲ್‌ನ ಮ್ಯಾಕ್ ಕಂಪ್ಯೂಟರ್ ಬೇಕು. ಅಡೋಬಿ ಎಕ್ಸ್‌ಡಿಗೆ ಹೊಸ ಸೌಲಭ್ಯಗಳು ಬರುತ್ತಿಲ್ಲ, ಈಗ ಕಲಿಯಲು ಶುರು ಮಾಡುವವರಿಗೆ ಅದು ಬೇಡ.

ಪೆನ್‌ಪಾಟ್ ಎಂಬ ಡಿಸೈನ್ ಟೂಲ್ ಬಗ್ಗೆ ನನಗೆ ವಿಶೇಷ ಪ್ರೀತಿ. ಅದು ಓಪನ್ ಸೋರ್ಸ್ (ಅದರ ಕೋಡ್ ಎಲ್ಲರಿಗೂ ಮುಕ್ತ), ಕಾಲೇಜಿನ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು. ಬಹಳ ಜನ ಬಳಸುತ್ತಿದ್ದ ಇನ್‌ವಿಷನ್ ಎಂಬ ಡಿಸೈನ್ ಟೂಲ್ 2024ರ ಕೊನೆಗೆ ಮುಚ್ಚಿತು. ಅದಕ್ಕೇ ಹೇಳುತ್ತೇನೆ, ಯಾವ ಟೂಲ್ ಬಳಸಿದರೂ ವಾರಕ್ಕೊಮ್ಮೆ ಫೈಲ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಟೂಲ್ ಆರಿಸುವಾಗ ಇನ್ನೊಂದು ಪ್ರಶ್ನೆ: ಪ್ರೊಟೊಟೈಪ್ (ಒತ್ತಿ ನೋಡಬಹುದಾದ ಆಪ್‌ನ ಮಾದರಿ) ಫೋನ್‌ನಲ್ಲಿ ತೆರೆಯುತ್ತದೆಯೇ? ನಾನು ಮಾವನ ಕೈಗೆ ಫೋನ್ ಕೊಟ್ಟು ಹೊಲದ ಬದುವಿನಲ್ಲಿ ನಿಲ್ಲಿಸಿದೆ. ಬಿಳಿ ಹಿನ್ನೆಲೆಯ ಮೇಲಿನ ತಿಳಿಬೂದು ದರ ಅವರಿಗೆ ಕಾಣಲೇ ಇಲ್ಲ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಬೇಕೆಂಬ ನಿಯಮವನ್ನು ಓದಿದ್ದೆ. ಅದು ಯಾಕೆಂದು ಆ ಬಿಸಿಲಿನಲ್ಲಿ ಅರ್ಥವಾಯಿತು. ಮನೆಗೆ ಬಂದು ದರದ ಅಂಕಿಗಳನ್ನೆಲ್ಲ ಕಪ್ಪು ಮಾಡಿದೆ, ಬಟನ್‌ಗಳ ಎತ್ತರವನ್ನು 48ಕ್ಕೆ ಏರಿಸಿದೆ.