ಎರಡೇ ದಿನದಲ್ಲಿ ಮನೆ ಸಾಗಿಸಬೇಕು: ‘ಇನ್ಶೂರೆನ್ಸ್ 3%’ ಎಂದು ಬರೆದಿದ್ದರೆ ಸಾಕೇ?

ಪ್ರಶ್ನೆ: ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾಗಿದೆ, ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಎರಡು ಬೆಡ್‌ರೂಮಿನ ಮನೆಯ ಸಾಮಾನು ಸಾಗಿಸಲು ಇಷ್ಟು ತುರ್ತಾಗಿ ಪ್ಯಾಕರ್ಸ್ ಸಿಗುತ್ತಾರೆಯೇ? ಒಬ್ಬರು ಇನ್ಶೂರೆನ್ಸ್ ಸೇರಿಸಿಯೇ ಫೋನಿನಲ್ಲಿ ರೇಟು ಹೇಳಿದ್ದಾರೆ. ಅವರನ್ನೇ ಒಪ್ಪಿಕೊಳ್ಳಬಹುದೇ?

ಉತ್ತರ: ಸಿಗುತ್ತಾರೆ. ವರ್ಗಾವಣೆಯ ಕಾಲದಲ್ಲಿ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಉತ್ತರ ಇದೇ. ಗಾಡಿಗಳಿಗೆ ನಿಜವಾದ ಅಭಾವವಿರುವುದು ತಿಂಗಳ ಕೊನೆಯ ಮತ್ತು ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಶನಿವಾರ, ಭಾನುವಾರಗಳಂದು. ತಿಂಗಳ ನಡುವಿನ ವಾರದ ದಿನವಾದರೆ ಎರಡು ದಿನದ ಅವಧಿ ಧಾರಾಳವಾಯಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಮ್ಮವರು ಹಿಂಜರಿಯುವ ಆಷಾಢದಲ್ಲಂತೂ ಚೌಕಾಸಿಗೂ ಜಾಗವಿರುತ್ತದೆ.

ಆದರೆ ಫೋನಿನಲ್ಲಿ ಹೇಳಿದ ರೇಟನ್ನು ರೇಟು ಎಂದು ಎಣಿಸಬೇಡಿ. ಮನೆ ನೋಡದವರು ಹೇಳುವುದು ಅಂದಾಜು ಮಾತ್ರ; ಎಷ್ಟೋ ಸಲ ಫೋನಿನಲ್ಲಿ ಮಾತಾಡಿದವರು ಮಧ್ಯವರ್ತಿಗಳಾಗಿದ್ದು, ಗಾಡಿ ಮತ್ತು ಹಮಾಲರು ಬೇರೆಯವರ ಕಡೆಯಿಂದ ಬರುತ್ತಾರೆ. ಮನೆಗೆ ಬಂದು ನೋಡಲು ಸಮಯವಿಲ್ಲದಿದ್ದರೆ ವೀಡಿಯೊ ಕರೆಯಲ್ಲಿ ಅಟ್ಟ, ಬಾಲ್ಕನಿ, ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಸಹ ತೋರಿಸಿ, ಮಹಡಿ, ಲಿಫ್ಟ್, ಮಂಚ ಬಿಚ್ಚಿ ಜೋಡಿಸುವ ಕೆಲಸ, ಹುಬ್ಬಳ್ಳಿಯಲ್ಲಿ ಇಳಿಸುವ ಕೂಲಿ, ಇವೆಲ್ಲ ಸೇರಿವೆಯೇ ಎಂಬುದನ್ನು ವಾಟ್ಸ್ಆಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ. ಗಾಡಿಯ ಅಳತೆಯೂ ಅದರಲ್ಲಿರಲಿ. ಟಾಟಾ ಏಸ್‌ನ ಹಿಂಭಾಗ ಸುಮಾರು 7 ಅಡಿ ಉದ್ದ. ನಿಮ್ಮ ಮನೆಯ ಸಾಮಾನಿಗೆ 14 ಅಡಿಯ ಕ್ಯಾಂಟರ್ ಬೇಕಾಗುತ್ತದೆ. ಇಡೀ ಗಾಡಿ ನಿಮ್ಮದೋ ಅಥವಾ ಇನ್ನೊಬ್ಬರ ಸಾಮಾನಿನ ಜೊತೆ ಪಾರ್ಟ್ ಲೋಡೋ ಎಂದೂ ಕೇಳಿ. ಪಾರ್ಟ್ ಲೋಡ್ ಅಗ್ಗ, ಆದರೆ ಸಾಮಾನು ನಡುವೆ ಗೋಡೌನಿನಲ್ಲಿ ಇಳಿದು ಮತ್ತೊಂದು ಗಾಡಿ ಹತ್ತಬಹುದು, ಆಗ ಸೋಮವಾರದ ಲೆಕ್ಕ ತಪ್ಪುತ್ತದೆ.

ಇನ್ನು ಇನ್ಶೂರೆನ್ಸ್. ಕೋಟೇಶನ್ನಿನ ಕೊನೆಯಲ್ಲಿ ‘ಇನ್ಶೂರೆನ್ಸ್ 3%’ ಎಂದು ಬರೆದಿದ್ದರೆ ಸಾಮಾನಿಗೆ ವಿಮೆಯಾಯಿತು ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಹೋಗುತ್ತಿಲ್ಲ. ಚೆನ್ನಾಗಿ ಓದಿದವರು, ತಮ್ಮ ಕಾರಿನ ಪಾಲಿಸಿಯ ಸಣ್ಣ ಅಕ್ಷರಗಳನ್ನೂ ಬಿಡದೆ ಓದುವವರು, ಇಲ್ಲಿ ಮಾತ್ರ ಒಂದು ಸಾಲಿಗೆ ಸಾವಿರಾರು ರೂಪಾಯಿ ಕೊಟ್ಟು ನೆಮ್ಮದಿಯಾಗಿರುತ್ತಾರೆ. ಮೂರು ಲಕ್ಷದ ಸಾಮಾನೆಂದರೆ 3 ಪರ್ಸೆಂಟ್ ಎಂಬುದು 9,000 ರೂಪಾಯಿ. ಆ ಹಣಕ್ಕೆ ನಿಮ್ಮ ಕೈಗೆ ಬಂದ ಕಾಗದ ಯಾವುದು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ.

ನಮ್ಮ ದೇಶದಲ್ಲಿ ವಿಮೆಯ ಪಾಲಿಸಿ ಕೊಡಬಲ್ಲದ್ದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನಲ್ಲಿ ನೋಂದಣಿಯಾದ ವಿಮಾ ಕಂಪನಿ ಮಾತ್ರ. ಸಾಮಾನು ಸಾಗಿಸುವವರು ಅಂಥ ಕಂಪನಿಯಿಂದ ಪಾಲಿಸಿ ಮಾಡಿಸಿಕೊಡಬಹುದು. ಹಾಗೆ ಮಾಡಿಸಿದ್ದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ನಿಮ್ಮ ಹೆಸರು, ಸಾಮಾನಿನ ಪಟ್ಟಿ ಮತ್ತು ನೀವು ಘೋಷಿಸಿದ ಬೆಲೆ ಇರುವ ದಾಖಲೆಯನ್ನು ಗಾಡಿ ಹೊರಡುವ ಮೊದಲೇ ಕೊಡಲು ಸಾಧ್ಯವಾಗಬೇಕು. ‘ಆಮೇಲೆ ಮೇಲ್ ಮಾಡ್ತೀವಿ ಸಾರ್’ ಎಂಬ ಉತ್ತರ ಬಂದರೆ ಪಾಲಿಸಿ ಇಲ್ಲವೆಂದೇ ತಿಳಿದು, ಆ 3 ಪರ್ಸೆಂಟನ್ನು ಬಿಲ್ಲಿನಿಂದ ತೆಗೆಸಿರಿ.

‘ಪಾಲಿಸಿ ಇಲ್ಲದಿದ್ದರೇನು, ಕಾನೂನು ಇದೆಯಲ್ಲ’ ಎನ್ನುವವರಿದ್ದಾರೆ. ಇದೆ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯ ಪ್ರಕಾರ ಸಾಮಾನು ಹಾಳಾದರೆ ಸಾಗಣೆದಾರರು ಹೊಣೆಗಾರರು, ಆದರೆ ಆ ಹೊಣೆಗೆ ಮಿತಿಯಿದೆ. 2011ರ ನಿಯಮಗಳು ಅದನ್ನು ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲಿಸಿವೆ, ಅದೂ ನೀವು ಬರಹದಲ್ಲಿ ಘೋಷಿಸಿದ ಬೆಲೆಯನ್ನು ಮೀರದಂತೆ. ಬಾಡಿಗೆ 18,000 ಆಗಿದ್ದರೆ ಗರಿಷ್ಠ 1,80,000. ಸಾಮಾನಿನ ಬೆಲೆಯ ಜಾಗದಲ್ಲಿ ಅವರ ಹುಡುಗ ಅವಸರದಲ್ಲಿ 20,000 ಎಂದು ಗೀಚಿ ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರೆ ಗರಿಷ್ಠ 20,000. ಹೆಚ್ಚಿನ ಹೊಣೆ ಹೊರಲು ಸಾಗಣೆದಾರರು ಹೆಚ್ಚಿನ ದರ ಪಡೆಯಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ, ಕೆಲವರ 3 ಪರ್ಸೆಂಟ್ ವಾಸ್ತವವಾಗಿ ಇದೇ. ಅದು ತಪ್ಪಲ್ಲ, ಆದರೆ ಅದು ವಿಮೆಯೂ ಅಲ್ಲ: ನಷ್ಟ ತುಂಬಿಕೊಡಬೇಕಾದವರು ಅವರೇ, ಆದ್ದರಿಂದ ಅದು ಅವರ ಲಾರಿ ರಸೀದಿಯಲ್ಲಿ, ಅಂದರೆ ಎಲ್‌ಆರ್‌ನಲ್ಲಿ, ಸ್ಪಷ್ಟವಾಗಿ ಬರೆದಿರಬೇಕು. ದಾವೆ ಹೂಡುವ ಮುನ್ನ, ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕೆಂಬುದನ್ನೂ ಮರೆಯಬೇಡಿ. ಗ್ರಾಹಕರ ಆಯೋಗಕ್ಕೆ ನೀವು ಈಗ ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ.

ಪಾಲಿಸಿ ನಿಜವಾಗಿ ಇದ್ದರೂ ಅವಸರದವರಿಗೆ ಒಂದು ತೊಡಕಿದೆ. ಸಮಯ ಉಳಿಸಲೆಂದು ಹಿಂದಿನ ರಾತ್ರಿ ಕೂತು ಪಿಂಗಾಣಿ ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆ ಕಟ್ಟುತ್ತೀರಲ್ಲ, ಪಟ್ಟಿಯಲ್ಲಿ ಆ ಪೆಟ್ಟಿಗೆಯ ಮುಂದೆ ‘ಮಾಲೀಕರು ಕಟ್ಟಿದ್ದು’ ಎಂದು ಬರೆಯುತ್ತಾರೆ, ಒಳಗಿನದು ಒಡೆದರೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಬಟ್ಟೆ, ಪುಸ್ತಕ, ಹಾಸಿಗೆಗಳನ್ನು ನೀವು ಕಟ್ಟಿ, ಗಾಜು ಪಿಂಗಾಣಿಗಳನ್ನು ಅವರಿಗೆ ಬಿಡಿ. ಟಿವಿಯನ್ನು ಚಾಲೂ ಇರುವಾಗಲೇ ಒಮ್ಮೆ ಫೋಟೊ ತೆಗೆಯಿರಿ, ಹಿಂಭಾಗದ ಸೀರಿಯಲ್ ಸಂಖ್ಯೆಯದ್ದೂ ಇರಲಿ. ಹೊರಗೆ ಗೀರಿಲ್ಲದೆ ಒಳಗೆ ಕೆಟ್ಟ ಟಿವಿಗೆ ಪರಿಹಾರ ಪಡೆಯುವುದು ಬಹಳ ಕಷ್ಟ. ಒಡವೆ, ನಗದು, ಕಾಗದಪತ್ರ ನಿಮ್ಮ ಜೊತೆಯೇ ಬರಬೇಕು.

ಹಣದ ವಿಷಯ ಚಿಕ್ಕದು: ಸಣ್ಣ ಅಡ್ವಾನ್ಸ್, ಅದೂ ಸಂಸ್ಥೆಯ ಹೆಸರಿನ ಖಾತೆಗೆ, ಒಂದು ಭಾಗ ಸಾಮಾನು ಇಳಿದ ಮೇಲೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಹೆಚ್ಚು ಹಣ ಕೇಳುವ ಘಟನೆಗಳು ಪೂರ್ತಿ ಹಣ ಮೊದಲೇ ಕೊಟ್ಟವರಿಗೂ ಆಗುತ್ತವೆ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ನಿನ ಅನುಮತಿ ಇಂದೇ ಪಡೆಯಿರಿ, ಇಲ್ಲದಿದ್ದರೆ ತುಂಬಿದ ಗಾಡಿಯನ್ನು ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಗ್ಯಾಸ್ ಸಿಲಿಂಡರನ್ನು ಆ ಗಾಡಿಯಲ್ಲಿ ಹಾಕಬೇಡಿ. ಹೊಣೆ ಅರಿತ ಪ್ಯಾಕರ್ಸ್ ಅದನ್ನು ಮುಟ್ಟುವುದಿಲ್ಲ, ಖಾಲಿಯಿದ್ದರೂ. ಬೇರೆ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಹಿಂತಿರುಗಿಸಿ, ಟರ್ಮಿನೇಶನ್ ವೋಚರ್ ಮತ್ತು ಠೇವಣಿ ಪಡೆದು, ಹೊಸ ಊರಿನಲ್ಲಿ ಆ ವೋಚರ್ ತೋರಿಸಿ ಸಂಪರ್ಕ ಪಡೆಯಬೇಕು. ವಾಪಸ್ ಸಿಗುವುದು ನೀವು ಅಂದು ಕಟ್ಟಿದ ಮೊತ್ತ, ಅಲ್ಲಿ ಕಟ್ಟುವುದು ಇಂದಿನ ದರ, 14.2 ಕೆ.ಜಿ. ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ 1,450ರಿಂದ 2,200 ರೂಪಾಯಿಗೆ ಏರಿದೆ. ಏಜೆನ್ಸಿ ಭಾನುವಾರ ಸಾಮಾನ್ಯವಾಗಿ ತೆರೆದಿರುವುದಿಲ್ಲ, ಹಾಗಾಗಿ ಈ ಕೆಲಸವನ್ನು ಪ್ಯಾಕರ್ಸ್‌ಗೆ ಫೋನ್ ಮಾಡುವುದಕ್ಕಿಂತ ಮೊದಲು ಮುಗಿಸಿ, ಕೊನೆಯ ರಾತ್ರಿಯ ಊಟ ಹೋಟೆಲಿನಲ್ಲಿ ಮಾಡಿ.