ಮೂರನೇ ಡಿಕ್ಕಿ

ಕಾರು ಮರಕ್ಕೆ ಗುದ್ದಿದರೆ ನಮ್ಮ ಲೆಕ್ಕದಲ್ಲಿ ಅದು ಒಂದು ಡಿಕ್ಕಿ. ಗಾಯಾಳುಗಳನ್ನು ನೋಡುವ ವೈದ್ಯರ ಲೆಕ್ಕದಲ್ಲಿ ಮೂರು. ವಾಹನ ಮರಕ್ಕೆ ಬಡಿಯುವುದು ಮೊದಲನೆಯದು. ವಾಹನ ನಿಂತರೂ ಒಳಗಿದ್ದವರ ಮೈ ಅದೇ ವೇಗದಲ್ಲಿ ಮುಂದೆ ನುಗ್ಗಿ ಸ್ಟೀರಿಂಗಿಗೋ ಡ್ಯಾಶ್‌ಬೋರ್ಡಿಗೋ ಬಡಿಯುವುದು ಎರಡನೆಯದು. ಮೈ ನಿಂತ ಮೇಲೂ ಒಳಗಿನ ಅಂಗಗಳು ಮುಂದೆ ಸರಿದು ಎಲುಬಿಗೆ ಅಪ್ಪಳಿಸುವುದು, ಇಲ್ಲವೇ ಅಂಟಿಕೊಂಡ ಜಾಗದಲ್ಲಿ ಕಿತ್ತುಬರುವುದು ಮೂರನೆಯದು. ಮೂರೂ ಮುಗಿಯಲು ಒಂದು ಸೆಕೆಂಡೂ ಬೇಡ.

ಪೆಟ್ಟಿನ ತೀವ್ರತೆಯನ್ನು ತೀರ್ಮಾನಿಸುವುದು ವೇಗ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿದರೆ ಸುಮಾರು ಮೂರೂವರೆ ಮೀಟರ್, ಅಂದರೆ ಒಂದು ಮಹಡಿ ಎತ್ತರದಿಂದ ಬಿದ್ದ ಹಾಗೆ. ವೇಗ 60 ಆದರೆ ಎತ್ತರ 14 ಮೀಟರ್, ನಾಲ್ಕು ಮಹಡಿ! ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಸೀಟ್ ಬೆಲ್ಟು, ಹೆಲ್ಮೆಟ್ಟು ಮಾಡುವ ಕೆಲಸ ಒಂದೇ: ಮೈ ನಿಲ್ಲಲು ಒಂದಿಷ್ಟು ಹೆಚ್ಚು ಸಮಯ, ಒಂದಿಷ್ಟು ಹೆಚ್ಚು ಜಾಗ ಕೊಡುವುದು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರ ತಾನು ನುಜ್ಜುಗುಜ್ಜಾಗಿ ಆ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಒತ್ತಿಹೋದ ಪದರ ಮತ್ತೆ ಉಬ್ಬುವುದಿಲ್ಲ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಲೇಬೇಕು. ಪಟ್ಟಿ ಹಾಕದ ಹೆಲ್ಮೆಟ್ಟಂತೂ ತಲೆ ನೆಲ ಮುಟ್ಟುವ ಮೊದಲೇ ಹಾರಿಹೋಗಬಹುದು. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಟ್ಟೆಯ ಮೇಲೇರಿದ್ದರೆ ಅದೇ ಕರುಳನ್ನು ಸೀಳೀತು. 10 ಕೆ.ಜಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೀರಿ, 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಕ್ಷಣ ಮಗುವಿನ ಎಳೆತ ಸುಮಾರು 140 ಕೆ.ಜಿ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಹಿಂದಿನ ಸೀಟಿಗೂ ಇದೇ ಲೆಕ್ಕ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದಲ್ಲಿ ಹಿಂದೆ ಕುಳಿತ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಮುಂದಿದ್ದ ಇಬ್ಬರು ಬದುಕಿದರು.

ಮೂರನೇ ಡಿಕ್ಕಿಯ ಅಪಾಯವೆಂದರೆ ಅದು ಹೊರಗೆ ಕಾಣದು. ಕಣತಲೆಯ ಮೂಳೆ ತೆಳು, ಅದರ ಒಳಮೈಗೆ ಒತ್ತಿಕೊಂಡೇ ಒಂದು ರಕ್ತನಾಳವಿದೆ. ಅದು ಒಡೆದರೂ ಗಾಯಾಳು ಕೆಲವೊಮ್ಮೆ ಎದ್ದು ಕೂತು, ಹೆಸರು ಊರು ಹೇಳಿ, 'ಏನೂ ಆಗಿಲ್ಲ ಬಿಡಿ' ಅನ್ನುತ್ತಾನೆ. ಒಂದೆರಡು ಗಂಟೆಯಲ್ಲಿ ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ಒಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಎಚ್ಚರ ತಪ್ಪುತ್ತದೆ. ಪಕ್ಕೆಲುಬಿನ ಕೆಳಗೆ ಎಡಕ್ಕಿರುವ ಗುಲ್ಮ (ಸ್ಪ್ಲೀನ್) ಎಂಬ ಅಂಗ ಸೀಳಿದರೆ ಹೊಟ್ಟೆಯೊಳಗೇ ರಕ್ತ ತುಂಬುತ್ತದೆ. ಎಡಭುಜಕ್ಕೆ ಏಟೇ ಬೀಳದಿದ್ದರೂ ಅಲ್ಲಿ ನೋವು ಬರಬಹುದು. ತೊಡೆಯ ಮೂಳೆ ಮುರಿದರೆ ಚರ್ಮ ಹರಿಯದೆಯೂ ಒಂದರಿಂದ ಒಂದೂವರೆ ಲೀಟರ್ ರಕ್ತ ಆ ತೊಡೆಯೊಳಗೇ ಸೋರೀತು. ದೊಡ್ಡವರ ಮೈಯಲ್ಲಿರುವುದೇ ಸುಮಾರು ಐದು ಲೀಟರ್.

ತಣ್ಣನೆಯ ಬೆವರು, ಬಿಳಿಚಿದ ಮುಖ, ಓಡುವ ನಾಡಿ, ತಳಮಳ: ಇವಿಷ್ಟು ಕಂಡರೆ ಗಾಯವಿಲ್ಲದಿದ್ದರೂ ಒಳಗೆ ರಕ್ತ ಹೋಗುತ್ತಿದೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಪಾಪ ಎಂದು ಎಲ್ಲರೂ ಮೊದಲು ನೀರು ಕುಡಿಸಲು ಹೋಗುತ್ತಾರೆ. ದಯವಿಟ್ಟು ಬೇಡ. ಎಚ್ಚರ ತಪ್ಪುವ ಹೊತ್ತಿಗೆ ಅದು ಶ್ವಾಸನಾಳಕ್ಕೆ ಇಳಿದೀತು, ಅರಿವಳಿಕೆ ಕೊಡುವುದಕ್ಕೂ ತೊಡಕು. ಉಸಿರಾಟ ಸರಾಗವಾಗಿದ್ದರೆ ಹೆಲ್ಮೆಟ್ ಎಳೆದು ತೆಗೆಯಲು ಹೋಗಬೇಡಿ, ಕುತ್ತಿಗೆ ಅಲುಗಿಸಬೇಡಿ.

ಸಾಧ್ಯವಾದರೆ ವಾಹನದ ಒಂದು ಫೋಟೊ ತೆಗೆದು ಆಸ್ಪತ್ರೆಯಲ್ಲಿ ತೋರಿಸಿ. ಸ್ಟೀರಿಂಗ್ ಬಾಗಿದ್ದರೆ ವೈದ್ಯರು ಎದೆಯನ್ನೂ ಮಹಾಧಮನಿಯನ್ನೂ ಅನುಮಾನಿಸುತ್ತಾರೆ. ಗಾಜು ನಕ್ಷತ್ರದಂತೆ ಸೀಳಿದ್ದರೆ ತಲೆ, ಕುತ್ತಿಗೆ. ಡ್ಯಾಶ್‌ಬೋರ್ಡ್ ಮೊಣಕಾಲ ಮಟ್ಟದಲ್ಲಿ ತಗ್ಗಾಗಿದ್ದರೆ ಸೊಂಟದ ಕೀಲು.